1960ರ ದಶಕದ ಪ್ಲಾಸ್ಟಿಕ್ ಗೂಡ್ಸ್ ವ್ಯಾಗನ್ ಕಿಟ್‌ಗಳು: ವರ್ಷಗಟ್ಟಲೆ ಕಟ್ಟಿ, ಓಡಿಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ, ಬಿಡಿ ಭಾಗಗಳನ್ನು ಅಂಟಿಸಿ ಪುಟ್ಟ ಮಾದರಿ ವ್ಯಾಗನ್ ಕಟ್ಟುವ ಈ ಕಿಟ್‌ಗಳು ಕೊಳ್ಳುವಂಥವೇ. ಮೇಲಿನ ಡಬ್ಬದ ಕೆಲಸ ಇವತ್ತಿಗೂ ಚೆನ್ನಾಗಿದೆ. ಬಾಗಿಲಿನ ಕೀಲು, ಚಿಲಕ, ಅಂಚಿನ ಪಟ್ಟಿ ಎಲ್ಲ ಬೆರಳಾಡಿಸಿದರೆ ಸಿಗುತ್ತವೆ. ಕೆಳಗಿನ ಓಟದ ಭಾಗ ಮಾತ್ರ ನಿಮ್ಮ ಜವಾಬ್ದಾರಿ. ಚಕ್ರ, ಬೇರಿಂಗ್, ಗಾಡಿಗಳನ್ನು ಜೋಡಿಸುವ ಕಪ್ಲಿಂಗ್, ತೂಕ, ಇವಿಷ್ಟನ್ನು ನೀವೇ ಸರಿಮಾಡಿಕೊಂಡರೆ ಗಾಡಿ ವರ್ಷಗಟ್ಟಲೆ ಓಡುತ್ತದೆ. ಇಲ್ಲದಿದ್ದರೆ ಶೋಕೇಸಿನಲ್ಲಿ ನಿಲ್ಲುತ್ತದೆ, ಅಷ್ಟೇ. ನನಗೆ ಓಡುವ ಗಾಡಿ ಬೇಕು. ಹಾಗಾಗಿ ಇದು ಓಡಿಸುವವರಿಗೆ ಬರೆದ ವಿಮರ್ಶೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ಆ ಕಾಲದಲ್ಲಿ ಬ್ರಿಟಿಷ್ ರೈಲ್ವೆಯ ಗೂಡ್ಸ್ ವ್ಯಾಗನ್‌ಗಳನ್ನು ಪ್ಲಾಸ್ಟಿಕ್ ಕಿಟ್ ಮಾಡಿ ಮಾರಿತು. ಕಲ್ಲಿದ್ದಲಿನ ವ್ಯಾಗನ್, ದನದ ವ್ಯಾಗನ್, ಎಸ್ಸೋ ಎಣ್ಣೆ ಟ್ಯಾಂಕರ್, ಸಿಮೆಂಟ್ ಪುಡಿಯ ಪ್ರೆಸ್‌ಫ್ಲೋ, ಯಂತ್ರ ಹೊರುವ ತಗ್ಗಿನ ಲೋಮ್ಯಾಕ್, ಕೊನೆಗೆ ಗಾರ್ಡ್ ಕೂರುವ ಬ್ರೇಕ್ ವ್ಯಾನ್. ಗೊಂಬೆ ಮಾಡುತ್ತಿದ್ದ ರೋಸ್‌ಬಡ್ ಎಂಬ ಇನ್ನೊಂದು ಕಂಪನಿ 1959ರಲ್ಲಿ ಕಿಟ್‌ಮಾಸ್ಟರ್ ಹೆಸರಲ್ಲಿ ಎಂಜಿನ್ ಮತ್ತು ಬೋಗಿಗಳ ಕಿಟ್ ತಂದಿತು. 1962ರಲ್ಲಿ ಅದನ್ನು ಏರ್‌ಫಿಕ್ಸ್ ಕೊಂಡುಕೊಂಡಿತು. 1981ರಲ್ಲಿ ಏರ್‌ಫಿಕ್ಸೇ ದಿವಾಳಿಯಾಯಿತು. ಆ ದಶಕದಲ್ಲೇ ರೈಲಿನ ಅಚ್ಚುಗಳು ಡಾಪೋಲ್ ಎಂಬ ಕಂಪನಿಯ ಕೈಸೇರಿದವು. ಆ ಕಂಪನಿ ಇವತ್ತಿಗೂ ಕಿಟ್‌ಮಾಸ್ಟರ್ ಅನ್ನುವ ಹಳೆ ಹೆಸರಿನಲ್ಲೇ ಇವನ್ನು ಮಾರುತ್ತಿದೆ. ಅಂದರೆ ಅಚ್ಚು ಅಜ್ಜಂದಿರ ಕಾಲದ್ದು, ಪ್ಲಾಸ್ಟಿಕ್ ಹೊಸದು. ಇದು ನಮಗೆ ತುಂಬಾ ಒಳ್ಳೆಯ ಸಂಗತಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಳತೆ ಓಓ, ಅಂದರೆ ನಿಜವಾದ ಒಂದು ಅಡಿಗೆ 4 ಮಿಲಿಮೀಟರ್, ಸುಮಾರು 1:76. ಹಳಿಯ ಅಗಲ 16.5 ಮಿ.ಮೀ.

ಕೊಳ್ಳುವಾಗ ಎರಡು ದಾರಿ ಇವೆ. ಒಂದು, ಆ ಕಾಲದ್ದೇ ಸೀಲ್ ಒಡೆಯದ ಹಳೆಯ ಪ್ಯಾಕೆಟ್. ಇನ್ನೊಂದು, ಅದೇ ಅಚ್ಚಿನಲ್ಲಿ ಈಗ ಎರಕ ಹೊಯ್ದದ್ದು. ಕಟ್ಟಿ ಓಡಿಸಬೇಕು ಅಂತಿದ್ದರೆ ಎರಡನೆಯದನ್ನೇ ತಗೊಳ್ಳಿ. ಹಳೆಯ ಪ್ಯಾಕೆಟ್ಟಿನ ಜೊತೆ ಬರುವ, ನೆನೆಸಿ ವ್ಯಾಗನ್ ಮೇಲೆ ಅಂಟಿಸುವ ಅಕ್ಷರದ ಹಾಳೆ ಹಳದಿ ತಿರುಗಿರುತ್ತದೆ, ನೀರಿಗೆ ಹಾಕಿದ ಕೂಡಲೇ ಚೂರುಚೂರಾಗುತ್ತದೆ. ಯಾರದೋ ಅಟ್ಟದ ಮೇಲೆ ಬಿಸಿಲ ಝಳಕ್ಕೆ ಸಿಕ್ಕಿದ್ದರೆ ಉದ್ದನೆಯ ಭಾಗಗಳು ಸೊಟ್ಟಗಾಗಿರುತ್ತವೆ. ಪರದೇಶದ ಒಬ್ಬ ಮಾರಾಟಗಾರ ನನಗೆ ಪೂರ್ತಿ ಇದೆ ಅಂತ ಕಳಿಸಿದ ಒಂದು ಪ್ಯಾಕೆಟ್ಟಿನಲ್ಲಿ ಒಂದು ಬದಿಯ ಬ್ರೇಕ್ ಲಿವರೇ ಇರಲಿಲ್ಲ. ಕೇಳಿದರೆ ಉತ್ತರವಿಲ್ಲ. ಅದಲ್ಲದೆ ಸೀಲ್ ಇರುವ ಹಳೆಯ ಪ್ಯಾಕೆಟ್‌ಗಳನ್ನು ಹಾಗೇ ಜೋಪಾನ ಮಾಡುವವರು ಇದ್ದಾರೆ, ಅದು ಅವರ ಬಳಿಯೇ ಇರಲಿ. ಹೊಸ ಪ್ಲಾಸ್ಟಿಕ್ಕಿನ ಕಿಟ್‌ನಲ್ಲೂ ಅಂಚಿನಲ್ಲಿ ತೆಳು ಸಿಪ್ಪೆ ಇರುತ್ತದೆ. ಇಷ್ಟು ವಯಸ್ಸಾದ ಅಚ್ಚು ಅಂದರೆ ಅದು ಸಹಜ. ಹೊಸ ಬ್ಲೇಡಿನ ಬೆನ್ನಿನಿಂದ ಹೆರೆದರೆ ಹೋಗುತ್ತದೆ. ಅಂಚೆ ಮತ್ತು ಸುಂಕ ಸೇರಿದರೆ ಕಿಟ್ಟಿನ ಬೆಲೆಯನ್ನೇ ಮೀರಿಸುತ್ತದೆ, ಹಾಗಾಗಿ ಒಂದೊಂದೇ ತರಿಸಬೇಡಿ. ತುಮಕೂರಿನಲ್ಲೇ ಇಬ್ಬರು ಮೂವರು ಸೇರಿ ಆರ್ಡರ್ ಮಾಡಿದರೆ ಎಲ್ಲರಿಗೂ ಗಿಟ್ಟುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 16 ಟನ್ನಿನ ಕಲ್ಲಿದ್ದಲು ವ್ಯಾಗನ್. ಉಕ್ಕಿನ ಡಬ್ಬ, ನಾಲ್ಕೇ ಚಕ್ರ. ಅಸಲಿಯ ಡಬ್ಬ 16 ಅಡಿ 6 ಇಂಚು ಉದ್ದ, ಮಾದರಿಯಲ್ಲಿ 66 ಮಿ.ಮೀ. ಅಂಗೈಯಲ್ಲಿ ಕೂರುತ್ತದೆ. ಬ್ರಿಟಿಷ್ ರೈಲ್ವೆ ಇಂಥವನ್ನು ಎರಡು ಲಕ್ಷಕ್ಕೂ ಜಾಸ್ತಿ ಕಟ್ಟಿಸಿತ್ತು. ಆದ್ದರಿಂದ ಒಂದು ಕಟ್ಟಿದರೆ ಸಾಲದು, ಸಾಲಾಗಿ ಬೇಕು. ನಮ್ಮ ತುಮಕೂರು ಸ್ಟೇಷನ್ನಿನಲ್ಲಿ ನಿಂತು ನಮ್ಮ ರೈಲ್ವೆಯ ಕಲ್ಲಿದ್ದಲು ಹೊರುವ ಬಾಕ್ಸ್‌ಎನ್ ವ್ಯಾಗನ್‌ಗಳ ಸಾಲು ಹೋಗುವುದನ್ನು ನೋಡಿದವರಿಗೆ ಇದರ ಚಿಕ್ಕತನ ನಂಬುವುದು ಕಷ್ಟ. ಬಾಕ್ಸ್‌ಎನ್ ಕಪ್ಲರ್‌ನಿಂದ ಕಪ್ಲರ್‌ಗೆ ಸುಮಾರು 10.7 ಮೀಟರ್, ಎಂಟು ಚಕ್ರ, ಐವತ್ತು ಟನ್ನಿಗಿಂತ ಜಾಸ್ತಿ ಸರಕು ಹೊರುತ್ತದೆ. ಈ ಬ್ರಿಟಿಷ್ ವ್ಯಾಗನ್ ಹದಿನಾರೇ ಟನ್. ಇವುಗಳಲ್ಲಿ ಬಹುಪಾಲಿಗೆ ಎಂಜಿನ್ನಿನಿಂದ ಹಾಕುವ ಬ್ರೇಕೇ ಇರಲಿಲ್ಲ. ಬದಿಯಲ್ಲಿ ಒಂದು ಉದ್ದನೆಯ ಕೈ ಲಿವರ್. ಕಡಿದಾದ ಇಳಿಜಾರು ಬಂದರೆ ಗಾಡಿ ನಿಲ್ಲಿಸಿ, ಒಂದೊಂದೇ ವ್ಯಾಗನ್ನಿನ ಲಿವರ್ ಒತ್ತಿ, ಪಿನ್ ಹಾಕಿ, ಆಮೇಲೆ ಇಳಿಸುತ್ತಿದ್ದರು. ಆ ಲಿವರ್ ಮಾದರಿಯಲ್ಲಿ ತೆಳ್ಳನೆಯ ಒಂದು ಕಡ್ಡಿ. ಅದನ್ನು ಭಾಗಗಳು ಅಂಟಿಕೊಂಡು ಬರುವ ಫ್ರೇಮಿನಿಂದ ಬಿಡಿಸುವಾಗ ಕೈ ಜೋಕೆ, ಮುರಿಯುವುದಿದ್ದರೆ ಅಲ್ಲೇ ಮುರಿಯುತ್ತದೆ.

ಡಬ್ಬದ ಬದಿಯಲ್ಲಿ ಒಂದು ಬಿಳಿ ಓರೆ ಪಟ್ಟಿ ಬರುತ್ತದೆ. ತುಂಬಾ ಜನ ಅದನ್ನು ಅಲಂಕಾರ ಅಂದುಕೊಂಡು ಎತ್ತಲಾದರೂ ತಿರುಗಿಸಿ ಅಂಟಿಸುತ್ತಾರೆ. ಅದಕ್ಕೆ ಕೆಲಸ ಇದೆ. ತುದಿಯ ಬಾಗಿಲು ಯಾವ ಕಡೆ ಇದೆಯೋ ಆ ಕಡೆಗೆ ಪಟ್ಟಿ ಮೇಲೇರುತ್ತದೆ. ಬಂದರಿನಲ್ಲಿ ವ್ಯಾಗನ್ನನ್ನೇ ಎತ್ತಿ ವಾಲಿಸಿ ಕಲ್ಲಿದ್ದಲು ಸುರಿಯುವವರು ದೂರದಿಂದಲೇ ಬಾಗಿಲಿನ ತುದಿ ಗುರುತಿಸಬೇಕಲ್ಲ, ಅದಕ್ಕೆ. ಬಣ್ಣಕ್ಕೂ ಅರ್ಥ ಇದೆ. ಬ್ರೇಕ್ ಪೈಪ್ ಇಲ್ಲದ್ದು ಬೂದು, ಎಂಜಿನ್ನಿನಿಂದ ಪೈಪಿನ ಮೂಲಕ ಹಾಕುವ ವ್ಯಾಕ್ಯೂಮ್ ಬ್ರೇಕ್ ಇರುವುದು ಕೆಂಪು ಕಂದು. ಹಾಗಾಗಿ ಕೆಂಪು ಬಳಿದು ಪೈಪ್ ಹಾಕದೆ ಬಿಟ್ಟರೆ ತಿಳಿದವರ ಕಣ್ಣಿಗೆ ಹೊಡೆಯುತ್ತದೆ.

ಈಗ ಕಟ್ಟುವ ವಿಷಯ. ಇದರಲ್ಲಿ ಒಂದೇ ಒಂದು ಗುಟ್ಟು: ಚಾಸಿ ಚೌಕವಾಗಿರಬೇಕು, ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟಬೇಕು. ಮೂರು ಮುಟ್ಟಿ ಒಂದು ಎದ್ದರೆ ಹಳಿ ಕವಲೊಡೆಯುವ ಮೊದಲ ಪಾಯಿಂಟಿನಲ್ಲೇ ಗಾಡಿ ಹಳಿ ತಪ್ಪುತ್ತದೆ. ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಸಾಧನ ಪಾಲಿಶ್ ಮಾಡಿದ ಗ್ರಾನೈಟ್ ತುಂಡು. ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ಯುವ ಅಂಗಡಿಗಳಲ್ಲಿ ಮಿಕ್ಕ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಅಷ್ಟು ಸಮತಟ್ಟಾದ ವಸ್ತು ಮನೆಯಲ್ಲಿ ಬೇರೆ ಇಲ್ಲ. ಮೊದಲು ಒಂದು ಬದಿಯ ಚಾಸಿ ಪಟ್ಟಿ ಅಂಟಿಸಿ ಒಣಗಲು ಬಿಡಿ. ಎರಡನೆಯ ಬದಿಯನ್ನು ಚಕ್ರ ಸೇರಿಸಿಕೊಂಡೇ ಅಂಟಿಸಿ, ಅಂಟು ಇನ್ನೂ ಮೆತ್ತಗಿರುವಾಗ ಗ್ರಾನೈಟ್ ಮೇಲೆ ನಿಲ್ಲಿಸಿ, ಮೂಲೆಗಳನ್ನು ಬೆರಳಿನಿಂದ ಒಂದೊಂದಾಗಿ ತಟ್ಟಿ ನೋಡಿ, ಅಲುಗಾಡುತ್ತಿದ್ದರೆ ಅಲ್ಲೇ ತಿದ್ದಿ, ಹಗುರವಾದ ಒಂದು ಭಾರ ಇಟ್ಟು ರಾತ್ರಿಯಿಡೀ ಬಿಡಿ. ಒಣಗಿದ ಮೇಲೆ ತಿದ್ದಲು ಆಗುವುದಿಲ್ಲ, ಕಿತ್ತು ಕಟ್ಟಬೇಕು.

ಸಾಮಾನಿನ ವಿಷಯದಲ್ಲಿ ತುಮಕೂರಿನವರಿಗೆ ಒಂದು ಅದೃಷ್ಟ ಇದೆ. ಇಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತು, ಅಲ್ಲಿ ದುಡಿದವರು ಇನ್ನೂ ಬಡಾವಣೆಗಳಲ್ಲಿ ಇದ್ದಾರೆ. ನಮ್ಮ ಬೀದಿಯ ಮಾವ ಒಬ್ಬರು ಅಲ್ಲಿ ಜೋಡಣೆ ವಿಭಾಗದಲ್ಲಿದ್ದವರು. ತಮ್ಮ ಹಳೆಯ ಚಿಮುಟವನ್ನೂ ಕಣ್ಣಿಗೆ ಹಾಕುವ ಭೂತಗನ್ನಡಿಯನ್ನೂ ನನಗೆ ಕೊಟ್ಟರು. ನಾನು ವ್ಯಾಗನ್ನಿನ ತುದಿಯಲ್ಲಿ ಡಿಕ್ಕಿ ತಡೆಯುವ ಬಫರ್ ಕೂರಿಸುವುದನ್ನು ನೋಡಿ, "ಒತ್ತಬೇಡ ಕಣಮ್ಮ. ತೂತು ಸರಿ ಇದ್ರೆ ಅದು ತಾನೇ ಕೂರುತ್ತೆ" ಅಂದರು. ಅಷ್ಟು ವರ್ಷ ಗಡಿಯಾರದ ಹಲ್ಲುಚಕ್ರ ಕೂರಿಸಿದ ಕೈ ಅದು. ಅವರ ಮಾತು ಈ ಕಿಟ್‌ಗಳಿಗೆ ಹೇಳಿ ಮಾಡಿಸಿದ್ದು. ಬಿಗಿಯಾಗಿದ್ದರೆ ಅರದಿಂದ ತೂತು ದೊಡ್ಡದು ಮಾಡಿ, ಒತ್ತಿ ತುರುಕಬೇಡಿ.

ಅಂಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ತೊಂದರೆ ಶುರುವಾಗುವುದು ಇಲ್ಲೇ. ಈ ಕಿಟ್‌ಗಳು ಪಾಲಿಸ್ಟೈರೀನ್. ಇದಕ್ಕೆ ಬೇಕಾದದ್ದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ನೀರಿನಂಥ ದ್ರಾವಣ. ಟ್ಯೂಬಿನ ಗಟ್ಟಿ ಅಂಟು ದಾರ ಎಳೆಯುತ್ತದೆ, ಬೇಡ. ಎರಡು ಭಾಗಗಳನ್ನು ಒಣಗಿದ್ದಾಗಲೇ ಹೊಂದಿಸಿ ಹಿಡಿದು, ಸಣ್ಣ ಬ್ರಷ್ ತುದಿಯಿಂದ ಸಂದಿಗೆ ಮುಟ್ಟಿಸಿದರೆ ಸಾಕು, ದ್ರಾವಣ ತಾನೇ ಒಳಗೆ ಹರಿಯುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ಮಧ್ಯಾಹ್ನದಲ್ಲಿ ಅದು ಸಂದಿ ಸೇರುವ ಮೊದಲೇ ಆವಿಯಾಗಿಬಿಡುತ್ತದೆ, ಆದ್ದರಿಂದ ಬೆಳಗ್ಗೆ ಬೇಗ ಅಥವಾ ಸಂಜೆ ಕೂರಿ. ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ. ಮಕ್ಕಳು ಪಕ್ಕದಲ್ಲಿ ಬೇಡ.

ಮುಚ್ಚಿದ ವ್ಯಾನ್‌ಗಳಲ್ಲಿ ಇನ್ನೊಂದು ಅಪಾಯ ಇದೆ, ಅದು ಗೊತ್ತಾಗುವುದು ತಿಂಗಳುಗಳ ಮೇಲೆ. ಒಳಗೆ ದ್ರಾವಣ ಜಾಸ್ತಿ ಸುರಿದು ಛಾವಣಿ ಮುಚ್ಚಿದರೆ ಆವಿಗೆ ಹೋಗಲು ದಾರಿ ಇರುವುದಿಲ್ಲ. ಅದು ಒಳಗೇ ಇದ್ದು ಗೋಡೆಗಳನ್ನು ಮೆತ್ತಗೆ ಮಾಡುತ್ತದೆ, ಗೋಡೆ ಒಳಕ್ಕೆ ಬಾಗುತ್ತದೆ. ನೆಲದಲ್ಲಿ ಒಂದೆರಡು ತೂತು ಕೊರೆದು, ಒಳಗೆ ಅಡ್ಡಕ್ಕೆ ಪ್ಲಾಸ್ಟಿಕ್ ಪಟ್ಟಿ ಕೊಟ್ಟು, ಆಮೇಲೆ ಛಾವಣಿ ಹಾಕಿ. ಹಾಗೆ ಕಟ್ಟಿದ ನನ್ನ ವ್ಯಾನ್‌ಗಳ ಗೋಡೆ ಇವತ್ತಿಗೂ ನೆಟ್ಟಗಿದೆ.

ಚಕ್ರಕ್ಕೆ ಬರೋಣ. ಆ ಕಾಲದ ಪ್ಲಾಸ್ಟಿಕ್ ಚಕ್ರ ನೆಟ್ಟಗೆ ತಿರುಗುವುದು ಅಪರೂಪ, ಮೇಲಾಗಿ ಹಳಿಯ ಕೊಳೆಯನ್ನು ಮೆತ್ತಿಕೊಂಡು ಊರೆಲ್ಲ ಹಂಚುತ್ತದೆ. ಲೋಹದ ಚಕ್ರ ಹಾಕಿ. ವ್ಯಾಗನ್ನಿಗೆ ಸುಮಾರು 12.5 ಮಿ.ಮೀ. ವ್ಯಾಸದ್ದು, ಎರಡೂ ತುದಿ ಚೂಪಾಗಿರುವ 26 ಮಿ.ಮೀ. ಆಕ್ಸಲ್, ಅದು ಕೂರಲು ಹಿತ್ತಾಳೆಯ ಪುಟ್ಟ ಬೇರಿಂಗ್. ಬೇರಿಂಗಿಗೆ 2 ಮಿ.ಮೀ. ತೂತು ಕೈಯಲ್ಲೇ ಕೊರೆಯಿರಿ, ಮೋಟರ್ ಡ್ರಿಲ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಸರಿಯಾಗಿ ಕೂತರೆ ಮೆಲ್ಲಗೆ ಊದಿದರೂ ವ್ಯಾಗನ್ ಉರುಳಿ ಹೋಗುತ್ತದೆ. ಆ ಖುಷಿಗೇ ಈ ಕೆಲಸ ಮಾಡಬಹುದು!

ತೂಕ ಇಲ್ಲದ ವ್ಯಾಗನ್ ಪ್ರಯೋಜನವಿಲ್ಲ. ಬರೀ ಪ್ಲಾಸ್ಟಿಕ್ ಗಾಡಿ ತಿರುವಿನಲ್ಲಿ ಒಳಕ್ಕೆ ಬೀಳುತ್ತದೆ. ಒಂದು ಆಕ್ಸಲ್‌ಗೆ 25 ಗ್ರಾಂ ಲೆಕ್ಕದಲ್ಲಿ ನಾಲ್ಕು ಚಕ್ರದ ವ್ಯಾಗನ್ 50 ಗ್ರಾಂ ಇರಲಿ. ಟಯರ್ ಅಂಗಡಿಯಲ್ಲಿ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ಸಣ್ಣ ಉಕ್ಕಿನ ತುಂಡುಗಳು ಸಿಗುತ್ತವೆ, ಅವೇ ಸಾಕು. ಸೀಸದ ಗುಂಡು ಹಾಕಿ ಬಡಗಿಗಳ ಬಿಳಿ ಗೋಂದು ಸುರಿಯುವ ಅಭ್ಯಾಸ ಕೆಲವರಿಗಿದೆ. ಅದು ಬೇಡವೇ ಬೇಡ. ಆ ಗೋಂದಿನ ಆಮ್ಲ ಸೀಸವನ್ನು ತಿನ್ನುತ್ತದೆ, ಸೀಸ ಬಿಳಿ ಪುಡಿಯಾಗಿ ಉಬ್ಬುತ್ತದೆ. ಗೆಳೆಯರೊಬ್ಬರ ಎಣ್ಣೆ ಟ್ಯಾಂಕರ್ ಹೀಗೇ ಕಪಾಟಿನಲ್ಲಿ ನಿಂತಲ್ಲೇ ಸೀಳಿಹೋಯಿತು. ಬಣ್ಣ ಹಚ್ಚಿ, ಅಕ್ಷರ ಅಂಟಿಸಿ, ಎಷ್ಟು ಚೆನ್ನಾಗಿತ್ತು ಗೊತ್ತಾ. ನೋಡಿ ಹೊಟ್ಟೆ ಉರಿಯಿತು.

ಉಳಿದವು ಬೇಗ ಹೇಳುತ್ತೇನೆ. ದನದ ವ್ಯಾಗನ್ ಅಂದವಾದದ್ದು, ಹಲಗೆಗಳ ಮಧ್ಯದ ಸಂದಿಯಿಂದ ಒಳಗು ಕಾಣುತ್ತದೆ, ಆದ್ದರಿಂದ ಮುಚ್ಚುವ ಮೊದಲೇ ಒಳಗೆ ಬಣ್ಣ ಹಚ್ಚಿ. ಅಸಲಿಯಲ್ಲಿ ಒಳಗೊಂದು ಅಡ್ಡಗೋಡೆ ಇರುತ್ತಿತ್ತು, ದನಗಳ ಸಂಖ್ಯೆ ನೋಡಿ ಅದನ್ನು ಸರಿಸುತ್ತಿದ್ದರು. ಪ್ರೆಸ್‌ಫ್ಲೋ ನನಗೆ ಹತ್ತಿರದ್ದು, ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿ ಇರುವ ಜಿಲ್ಲೆಯವಳು ನಾನು. ಚೀಲವಿಲ್ಲದೆ ಪುಡಿಯನ್ನೇ ತುಂಬಿ, ಒತ್ತಡದ ಗಾಳಿ ಹಾಯಿಸಿ ಪೈಪಿನಲ್ಲಿ ಹೊರಗೆ ಹರಿಸುವ ವ್ಯಾಗನ್ ಅದು. ಬದಿಯ ಪಕ್ಕೆಲುಬುಗಳು ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತವೆ. ಟ್ಯಾಂಕರ್ ಕಷ್ಟದ್ದು, ಸೇರುವೆ ಕಾಣದಂತೆ ಉಜ್ಜುವಾಗ ತಾಳ್ಮೆ ಬೇಕು. ಲೋಮ್ಯಾಕ್‌ಗೆ ತೂಕ ಅಡಗಿಸಲು ಜಾಗವೇ ಇಲ್ಲ, ಮೇಲಿನ ಸರಕಿನಲ್ಲೇ ತೂಕ ಇಡಬೇಕು.

ಮಾಸಲು ಬಣ್ಣಕ್ಕೆ ಪೇಟೆಯ ಪುಡಿ ಬೇಕಿಲ್ಲ. ನಮ್ಮ ಕೆಮ್ಮಣ್ಣನ್ನು ಒಣಗಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಮೆತ್ತನೆ ಬ್ರಷ್‌ನಿಂದ ಕಲ್ಲಿದ್ದಲು ವ್ಯಾಗನ್ನಿನ ಒಳಗೆ ಸವರಿದರೆ ಅಸಲಿ ತುಕ್ಕು. ಸರಕಿಗೆ ಜಜ್ಜಿದ ಇದ್ದಿಲು. ಬಣ್ಣಕ್ಕೆ ಮೊದಲು ಭಾಗಗಳನ್ನು ಸೋಪಿನ ನೀರಲ್ಲಿ ತೊಳೆಯುವುದು ಮರೆಯಬೇಡಿ, ಅಚ್ಚಿನ ಎಣ್ಣೆ ಪಸೆ ಇದ್ದರೆ ಬಣ್ಣ ಸಿಪ್ಪೆ ಏಳುತ್ತದೆ.

ನಮ್ಮ ಗಾಡಿಗಳನ್ನೇ ಕಟ್ಟಬೇಕು ಅನ್ನುವವರಿಗೆ ಒಂದು ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಈ ಅಳತೆಗೆ 22 ಮಿ.ಮೀ. ಆಗುತ್ತದೆ, ಓಓ ಹಳಿಗೆ ತುಂಬಾ ಅಗಲ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಒಳ್ಳೆಯ ದಾರಿ ಇದೆ. ಅಲ್ಲಿ ಹಿಂದೆ ಓಡುತ್ತಿದ್ದ ಪುಟ್ಟ ರೈಲಿನ ಹಳಿ 762 ಮಿ.ಮೀ. ಈ ಅಳತೆಗೆ ಸರಿಯಾಗಿ 10 ಮಿ.ಮೀ. ಪೇಟೆಯಲ್ಲಿ ಸಿಗುವ 9 ಮಿ.ಮೀ.ನ ಎನ್ ಗೇಜ್ ಹಳಿಗೆ ಅದು ತುಂಬಾ ಹತ್ತಿರ. ಈ ಕಿಟ್‌ಗಳ ಮಿಕ್ಕ ಬಾಗಿಲು, ಬ್ರೇಕ್ ಲಿವರ್, ಕೀಲುಗಳನ್ನು ಎಸೆಯದೆ ಇಟ್ಟುಕೊಂಡರೆ ನಂದಿ ಬೆಟ್ಟದ ಕೆಳಗಿನ ಆ ಲೈನಿಗೆ ಸಣ್ಣ ವ್ಯಾಗನ್ ಕಟ್ಟಬಹುದು. ನನ್ನ ಮೇಜಿನ ಮೇಲೆ ಈಗ ಅದೇ ಕೆಲಸ ನಡೆದಿದೆ.

ಮೊದಲು ಯಾವುದು ಅಂತ ಕೇಳಿದರೆ 16 ಟನ್ನಿನದು ಎರಡು ತಗೊಳ್ಳಿ, ಜೊತೆಗೆ ಒಂದು ಬ್ರೇಕ್ ವ್ಯಾನ್. ಟ್ಯಾಂಕರ್ ಕೈ ಪಳಗಿದ ಮೇಲೆ ಇರಲಿ. ಲೋಹದ ಚಕ್ರ ಮತ್ತು ಬೇರಿಂಗನ್ನು ಅದೇ ಆರ್ಡರ್‌ನಲ್ಲಿ ಹಾಕಿಬಿಡಿ, ಇಲ್ಲದಿದ್ದರೆ ಅಂಚೆ ಖರ್ಚು ಎರಡು ಸಲ ಬೀಳುತ್ತದೆ. ಅಂಟಿನ ಬಾಟಲಿ ಪರದೇಶದಿಂದ ವಿಮಾನದಲ್ಲಿ ಬರುವುದು ಕಷ್ಟ, ಬೆಂಕಿ ಹತ್ತುವ ವಸ್ತು ಅದು. ಅದನ್ನು ಇಲ್ಲೇ ಹುಡುಕಿ.