ಗುಡ್ಡದ ಟ್ಯಾಂಕಿಗೆ ಯಾವ ರೇಡಿಯೊ? ಮೂರು ಮಾಡ್ಯೂಲ್ ಹಾಕಿ ನೋಡಿದ ಅನುಭವ

ಸಾಗರ ತಾಲ್ಲೂಕಿನ ನಮ್ಮ ಮನೆಯಿಂದ ಮೇಲಿನ ನೀರಿನ ಟ್ಯಾಂಕಿಗೆ ಸುಮಾರು 350 ಮೀಟರ್. ನಡುವೆ ಅಡಿಕೆ ತೋಟ, ಅದರಾಚೆ ಸೊಪ್ಪಿನ ಬೆಟ್ಟ. ಟ್ಯಾಂಕ್ ತುಂಬಿದೆಯೋ ಇಲ್ಲವೋ ನೋಡಲು ಅಪ್ಪಯ್ಯ ದಿನಕ್ಕೆ ಎರಡು ಸಲ ಹತ್ತಿ ಇಳಿಯುತ್ತಿದ್ದರು. ಎಪ್ಪತ್ತು ದಾಟಿದ ಮೇಲೆ ಜಾರುವ ದಾರಿಯಲ್ಲಿ ಅವರು ಒಬ್ಬರೇ ಹೋಗುವುದು ನನಗೆ ಹೆದರಿಕೆ. ಅದಕ್ಕೇ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಇಟ್ಟು ನೀರಿನ ಮಟ್ಟ ಅಳೆಯುವ ಪೆಟ್ಟಿಗೆ ಮಾಡಿದೆ. ಮೊದಲು ಮನೆಯವರೆಗೆ ವೈರ್ ಎಳೆದಿದ್ದೆ. ಸೋಗೆ ಬಿದ್ದು ಮೂರು ಕಡೆ ತುಂಡಾಯಿತು. ಆಮೇಲೆ ವೈರ್‌ಲೆಸ್ ದಾರಿ ಹಿಡಿದೆ.

ಕೆಲಸ ಸಣ್ಣದು. 15 ನಿಮಿಷಕ್ಕೊಮ್ಮೆ ಎಚ್ಚರಾಗಬೇಕು, ಮಟ್ಟ ಅಳೆಯಬೇಕು, 12 ಬೈಟ್ ಕಳಿಸಬೇಕು, ಮತ್ತೆ ಮಲಗಬೇಕು. ಮಳೆಗಾಲದಲ್ಲಿ ಮರದಡಿ ಸೋಲಾರ್ ನಂಬಲಾಗದು. ಹಾಗಾಗಿ 1500 ಮಿಲಿಆಂಪ್-ಅವರ್‌ನ ಒಂದೇ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿನಲ್ಲಿ ವರ್ಷಗಟ್ಟಲೆ ನಡೆಯಬೇಕು. ಇದೇ ನನ್ನ ಪರೀಕ್ಷೆ.

ಮೊದಲು ಹಾಕಿದ್ದು ಎನ್‌ಆರ್‌ಎಫ್24ಎಲ್01 ಪ್ಲಸ್. ಮೂರರಲ್ಲಿ ಅಗ್ಗದ್ದು ಇದೇ. ನಾರ್ವೆಯ ನಾರ್ಡಿಕ್ ಕಂಪನಿಯ ಚಿಪ್, 2.4 ಗಿಗಾಹರ್ಟ್ಸ್. ಮಲಗಿದಾಗ 1 ಮೈಕ್ರೊಆಂಪ್‌ಗಿಂತ ಕಡಿಮೆ ತಿನ್ನುತ್ತದೆ, ಕಳಿಸುವಾಗ 11 ಮಿಲಿಆಂಪ್ ಚಿಲ್ಲರೆ. ಕಾಗದದ ಮೇಲೆ ಇದಕ್ಕಿಂತ ಚೆಂದ ಬೇಕಾ? ಆದರೆ ಬೋರ್ಡಿನ ಪುಟ್ಟ ಆಂಟೆನಾ ತೋಟದ ಅರ್ಧಕ್ಕೇ ನಿಂತಿತು. ಆಮೇಲೆ ಹೊರಗಿನ ಆಂಟೆನಾ, ಆಂಪ್ಲಿಫೈಯರ್ ಎರಡೂ ಇರುವ ಮಾದರಿ ತಂದೆ. ಅದು ಕಳಿಸುವಾಗ 100 ಮಿಲಿಆಂಪ್ ದಾಟುತ್ತದೆ. ಕರೆಂಟ್ ಹಾಗೆ ಒಮ್ಮೆಲೇ ಏರಿದಾಗ ವೋಲ್ಟೇಜ್ ಕುಸಿದು ಮಾಡ್ಯೂಲ್ ಮೂಕಾಗುತ್ತದೆ. ಮಾಡ್ಯೂಲಿಗೆ ವಿದ್ಯುತ್ ಕೊಡುವ ವಿಸಿಸಿ ಮತ್ತು ಗ್ರೌಂಡ್ ಕಾಲುಗಳಿಗೇ ಅಂಟಿದಂತೆ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದ ಮೇಲೆ ಸರಿಯಾಯಿತು. ಆರ್ಡುಯಿನೊ ಊನೊದ 3.3 ವೋಲ್ಟ್ ಪಿನ್ನಿನಿಂದ ಈ ಮಾದರಿಯನ್ನು ನಡೆಸಲು ಹೋಗಬೇಡಿ, ಅದು ಕೊಡುವುದೇ 50 ಮಿಲಿಆಂಪ್.

ಚಾನೆಲ್ ಬಗ್ಗೆ ಒಂದು ಮಾತು. ಇದರಲ್ಲಿ ಚಾನೆಲ್ ಸಂಖ್ಯೆಯನ್ನು 2400ಕ್ಕೆ ಕೂಡಿಸಿದರೆ ಮೆಗಾಹರ್ಟ್ಸ್ ಸಿಗುತ್ತದೆ. ವೈಫೈ ತೊಂದರೆ ತಪ್ಪಿಸಲು ಎಷ್ಟೋ ಜನ 100, 110 ಅಂತ ಹಾಕಿಬಿಡುತ್ತಾರೆ. ಪರವಾನಗಿ ಬೇಡದ ಬ್ಯಾಂಡ್ 2483.5ಕ್ಕೇ ಮುಗಿಯುತ್ತದೆ. ನಾನು 78 ಹಾಕಿದೆ. ವೈಫೈನ 11ನೇ ಚಾನೆಲ್ಲಿಗಿಂತ ಮೇಲೆ, ಬ್ಯಾಂಡಿನ ಒಳಗೆ.

ಮೇ ತಿಂಗಳಲ್ಲಿ ಎಲ್ಲ ಸರಿ ಇತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೂರನೇ ದಿನ ಅಪ್ಪಯ್ಯ ಜಗಲಿಯಿಂದ ಕರೆದರು: “ಮಳೆ ಬಂದ್ರೆ ನಿನ್ನ ಪೆಟ್ಟಿಗೆ ಮಾತೇ ಆಡಲ್ಲ ಅಲ್ವಾ?” ನಿಜ. ನೀರು ಸುರಿಯುವ ಸೋಗೆ, ತೊಯ್ದ ಮರ, ಇವುಗಳ ನಡುವೆ 2.4 ಗಿಗಾಹರ್ಟ್ಸ್ ಸಿಗ್ನಲ್ ತುಂಬಾ ಸೊರಗಿಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಬೇಸಿಗೆಯ ಪರೀಕ್ಷೆಗೆ ಅರ್ಥವೇ ಇಲ್ಲ.

ಎರಡನೆಯದು ಇಎಸ್‌ಪಿ32, ಅಂದರೆ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್. ಒಂದು ಇಎಸ್‌ಪಿಯಿಂದ ಇನ್ನೊಂದಕ್ಕೆ ನೇರ ಕಳಿಸುವ ಇಎಸ್‌ಪಿ-ನೌ ವಿಧಾನದಲ್ಲಿ. ಟ್ಯಾಂಕಿನ ಬಳಿ ಇರುವುದಕ್ಕೆ ರೂಟರ್‌ಗೆ ಸೇರುವ ಕೆಲಸವಿಲ್ಲ. ಎದ್ದ ಕೂಡಲೇ ಕಳಿಸಿ ಮಲಗುತ್ತದೆ. ಕೋಡ್ ಬರೆಯುವುದು ಇದರಲ್ಲೇ ಸುಲಭ. ಆದರೂ ಆರನೇ ದಿನಕ್ಕೆ ಬ್ಯಾಟರಿ ಸತ್ತಿತ್ತು. ಮೀಟರ್ ಹಿಡಿದೆ. ಮಲಗಿದಾಗಲೂ 10 ಮಿಲಿಆಂಪ್! ಚಿಪ್ ತಾನಾಗಿ ತಿನ್ನುವುದು ಸುಮಾರು 10 ಮೈಕ್ರೊಆಂಪ್, ಅಂದರೆ ಸಾವಿರದಲ್ಲಿ ಒಂದು ಪಾಲು. ಉಳಿದದ್ದೆಲ್ಲ ಡೆವಲಪ್‌ಮೆಂಟ್ ಬೋರ್ಡಿನ ಯುಎಸ್‌ಬಿ ಚಿಪ್, ಕೆಂಪು ಎಲ್ಇಡಿ, ಮತ್ತೆ ವೋಲ್ಟೇಜ್ ಹದಕ್ಕೆ ತರುವ ಎಎಂಎಸ್1117 ರೆಗ್ಯುಲೇಟರ್. ಆ ರೆಗ್ಯುಲೇಟರ್ ಸುಮ್ನೆ ಕೂತೇ 5 ಮಿಲಿಆಂಪ್ ತಿನ್ನುತ್ತದೆ.

ಹಾಗಾಗಿ ಬರೀ ಮಾಡ್ಯೂಲ್ ತಂದು ಎಂಸಿಪಿ1700 ರೆಗ್ಯುಲೇಟರ್ ಹಾಕಿದೆ. ಅದು ತಿನ್ನುವುದು ಬರೀ 1.6 ಮೈಕ್ರೊಆಂಪ್. ಈಗ ಇನ್ನೊಂದು ತಾಪತ್ರಯ. ಅದು ಕೊಡುವುದು 250 ಮಿಲಿಆಂಪ್, ರೇಡಿಯೊ ಎದ್ದಾಗ ಇಎಸ್‌ಪಿ32 ಅದಕ್ಕಿಂತ ಜಾಸ್ತಿ ಎಳೆಯುತ್ತದೆ. ಕಳಿಸಲು ಹೋದಾಗಲೆಲ್ಲ ರೀಸೆಟ್. ಕೊನೆಗೆ ರೆಗ್ಯುಲೇಟರನ್ನೇ ಕಿತ್ತು, ಸೆಲ್ಲನ್ನು ನೇರ ಜೋಡಿಸಿ, ಪಕ್ಕದಲ್ಲಿ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟೆ. ಈ ಜಾತಿಯ ಸೆಲ್ 3.2 ವೋಲ್ಟಿನ ಆಸುಪಾಸು ಇರುವುದರಿಂದ ಇದು ನಡೆಯುತ್ತದೆ. ಚಾರ್ಜರಿನಿಂದ ತೆಗೆದ ತಕ್ಷಣ ಮಾತ್ರ ಹಾಕಬೇಡಿ, ಆಗ 3.6 ದಾಟಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ವೋಲ್ಟೇಜ್ ಇಳಿದದ್ದನ್ನು ಮೀಟರಿನಲ್ಲಿ ನೋಡಿ ಹಾಕಿ.

ಬ್ಯಾಟರಿ ಸರಿಹೋಯಿತು, ಆದರೆ ಸಂಪರ್ಕ ತಪ್ಪುವುದು ನಿಲ್ಲಲಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಮನೆಯ ರೂಟರ್ ತನಗೆ ಬೇಕಾದ ಚಾನೆಲ್ ಹಿಡಿಯುತ್ತಿತ್ತು. ಅದಕ್ಕೆ ಸೇರಿಕೊಂಡ ಮನೆಯೊಳಗಿನ ರಿಸೀವರ್ ಕೂಡ ಅದರ ಹಿಂದೆ ಹೋಗುತ್ತಿತ್ತು. ಗುಡ್ಡದ ಮೇಲಿನದು ಹಳೆಯ ಚಾನೆಲ್ಲಿನಲ್ಲೇ ಕೂಗುತ್ತಿತ್ತು. ರೂಟರಿನ ಸೆಟ್ಟಿಂಗಿನಲ್ಲಿ ಆಟೊ ತೆಗೆದು 6ನೇ ಚಾನೆಲ್ಲಿಗೆ ಕಟ್ಟಿಹಾಕಿದ ಮೇಲೆ ಈ ಕಾಟ ನಿಂತಿತು. ಮಳೆಯ ಕಾಟ ನಿಲ್ಲಲಿಲ್ಲ. ಇದೂ 2.4 ಗಿಗಾಹರ್ಟ್ಸೇ ತಾನೆ.

ನಡುವೆ ಬ್ಲೂಟೂತ್ ಕೂಡ ಹಾಕಿ ನೋಡಿದೆ, ಎನ್‌ಆರ್‌ಎಫ್52832. ಮಲಗುವುದರಲ್ಲಿ ಬಹಳ ಒಳ್ಳೆಯದು. ಆದರೆ ಟ್ಯಾಂಕಿನ ಬುಡದಲ್ಲಿ ಫೋನ್ ಹಿಡಿದು ನಿಂತವರಿಗೆ ಮಾತ್ರ. ಅಲ್ಲಿಯವರೆಗೆ ಹತ್ತಿದ ಮೇಲೆ ಮುಚ್ಚಳ ತೆಗೆದೇ ನೋಡಬಹುದಲ್ಲ!

ಮೂರನೆಯದು ಲೋರಾ, ಅಂದರೆ ಸ್ವಲ್ಪವೇ ಮಾಹಿತಿಯನ್ನು ನಿಧಾನವಾಗಿ ಬಹಳ ದೂರ ಕಳಿಸುವ ರೇಡಿಯೊ ವಿಧಾನ. ಭಾರತದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್ ಬಳಸಬಹುದು, ಪರವಾನಗಿ ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಮಾಡ್ಯೂಲ್ ತಂದೆ. ಎರಡಕ್ಕೂ ಮಾತೇ ಹೊರಡಲಿಲ್ಲ. ಮೂರು ದಿನ ಕೋಡಿನಲ್ಲೇ ತಪ್ಪು ಹುಡುಕಿದೆ. ಆಮೇಲೆ ಭೂತಗನ್ನಡಿ ಹಿಡಿದು ತಗಡಿನ ಮೇಲಿನ ಅಕ್ಷರ ಓದಿದೆ. ಕೇಳಿದ್ದು ಆರ್‌ಎ-01ಎಚ್, ಕೊಟ್ಟದ್ದು ಬರೀ ಆರ್‌ಎ-01. ಎರಡೂ ನೋಡಲು ಅವಳಿಜವಳಿ. ಎಚ್ ಇಲ್ಲದ್ದು 433ರ ಸುತ್ತಿನದು, 866ಕ್ಕೆ ಬರುವುದೇ ಇಲ್ಲ. ಅಂಗಡಿ ಬಿಡುವ ಮೊದಲೇ ಆ ಒಂದು ಅಕ್ಷರ ನೋಡಿಕೊಳ್ಳಿ.

ಕಾಲುಗಳ ಅಂತರ 2 ಮಿಲಿಮೀಟರ್, ಬ್ರೆಡ್‌ಬೋರ್ಡಿಗೆ ಕೂರುವುದಿಲ್ಲ. ಕೂದಲಿನಷ್ಟು ತೆಳು ತಂತಿ ಬೆಸೆಯಬೇಕಾಯಿತು. ಆಂಟೆನಾಗೆ 8.6 ಸೆಂಟಿಮೀಟರ್ ತಾಮ್ರದ ತಂತಿ, ಅಂದರೆ ಅಲೆಯ ಕಾಲು ಭಾಗ. ಮೊದಲು ಅದನ್ನು ಪೆಟ್ಟಿಗೆಯೊಳಗೆ ಬ್ಯಾಟರಿಗೆ ಒರಗಿಸಿ ಮಲಗಿಸಿದ್ದೆ, ಮನೆಯಲ್ಲಿ ಸಿಗ್ನಲ್ ಮೈನಸ್ 121 ಡಿಬಿಎಂ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಜೋರು). ಮೇಲಿನ ತೂತಿನಿಂದ ನೆಟ್ಟಗೆ ನಿಲ್ಲಿಸಿದೆ, ಮೈನಸ್ 108. ಒಂದು ಪೈಸೆ ಖರ್ಚಿಲ್ಲದೆ 13 ಡಿಬಿ! ಆಂಟೆನಾ ಇಲ್ಲದೆ ಮಾತ್ರ ಯಾವತ್ತೂ ಕಳಿಸಬೇಡಿ, ಚಿಪ್ಪಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಲೋರಾದಲ್ಲಿ ನೀವೇ ತೀರ್ಮಾನಿಸಬೇಕಾದ್ದು ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಸಿಗ್ನಲನ್ನು ಎಷ್ಟು ಹಿಗ್ಗಿಸಿ ನಿಧಾನ ಕಳಿಸಬೇಕು ಎನ್ನುವ ಸಂಖ್ಯೆ. 7 ಹಾಕಿದರೆ ನನ್ನ 12 ಬೈಟ್ ಹೋಗಲು ಸುಮಾರು 41 ಮಿಲಿಸೆಕೆಂಡ್. 12 ಹಾಕಿದರೆ ದೂರ ಹೋಗುತ್ತದೆ, ಆದರೆ 1155 ಮಿಲಿಸೆಕೆಂಡ್, ಬ್ಯಾಟರಿಗೆ 28 ಪಟ್ಟು ಹೊರೆ. ಹೆದರಿ 12 ಇಡುವ ಅಗತ್ಯವಿಲ್ಲ. ನಾನು 9ಕ್ಕೆ ನಿಲ್ಲಿಸಿದೆ, 144 ಮಿಲಿಸೆಕೆಂಡ್.

ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಕಳಿಸುವಾಗ 87 ಮಿಲಿಆಂಪ್ ಎಳೆದರೂ, 15 ನಿಮಿಷಕ್ಕೆ ಹಂಚಿದರೆ ರೇಡಿಯೊ ಪಾಲು 14 ಮೈಕ್ರೊಆಂಪ್. ಅರ್ಧ ಸೆಕೆಂಡ್ ಉರಿಯುವ ಅಲ್ಟ್ರಾಸಾನಿಕ್ ಸೆನ್ಸರಿನದು 17. ಮಲಗಿದಾಗಿನದು 6. ಎಲ್ಲ ಸೇರಿ 37. ಈ ಲೆಕ್ಕದಲ್ಲಿ ಸೆಲ್ ನಾಲ್ಕು ವರ್ಷ ದಾಟಬೇಕು, ತಾನಾಗಿ ಸೋರುವುದನ್ನು ಬಿಟ್ಟರೆ.

ಗುಡ್ಡಕ್ಕೆ ಲೋರಾ, ಇದರಲ್ಲಿ ನನಗೆ ಸಂಶಯವಿಲ್ಲ. ಮನೆಯ ಹಿಂದಿನ ಬಾವಿಯ ಪಂಪಿಗೆ ಇಎಸ್‌ಪಿ-ನೌ ಇಟ್ಟಿದ್ದೇನೆ, 30 ಮೀಟರಿಗೆ ಅದೇ ಸಾಕು, ಅಲ್ಲಿ ಕರೆಂಟ್ ಕೂಡ ಇದೆ. ಎನ್‌ಆರ್‌ಎಫ್24 ಡಬ್ಬಿಯಲ್ಲಿದೆ. ಪಕ್ಕದ ಮನೆಯವರು ಹತ್ತು ಪೆಟ್ಟಿಗೆ ಮಾಡಿ ಮಾರು ಎಂದರು. ಮಾರುವುದಾದರೆ ದೂರಸಂಪರ್ಕ ಇಲಾಖೆಯ ರೇಡಿಯೊ ವಿಭಾಗವಾದ ಡಬ್ಲ್ಯೂಪಿಸಿಯಿಂದ ಇಟಿಎ (ಉಪಕರಣದ ಮಾದರಿಗೆ ಕೊಡುವ) ಅನುಮೋದನೆ ಬೇಕು, ಅದು ಬೇರೆಯೇ ಕೆಲಸ.

ಈ ಜಾತಿಯ ಸೆಲ್ಲಿನ ವೋಲ್ಟೇಜ್ ಬಹಳ ಕಾಲ ಒಂದೇ ಕಡೆ ನಿಲ್ಲುವುದರಿಂದ ಅದನ್ನು ನೋಡಿ ಎಷ್ಟು ಉಳಿದಿದೆ ಹೇಳಲಾಗದು. ಅದಕ್ಕೆ ನಾನು ಮನೆಗೆ ಬಂದು ಮುಟ್ಟಿದ ಪ್ಯಾಕೆಟ್ (ಒಂದು ಸಲ ಕಳಿಸಿದ ಮಾಹಿತಿ) ಎಣಿಸುತ್ತೇನೆ. ದಿನಕ್ಕೆ 96 ಬರಬೇಕು. ಕಳೆದ ಜುಲೈನ ಜೋರು ಮಳೆಯ ದಿನ 93 ಬಂದಿದ್ದವು. ಅಪ್ಪಯ್ಯ ಅವತ್ತು ಜಗಲಿಯಲ್ಲೇ ಕೂತು ಪಂಪ್ ಆಫ್ ಮಾಡಿಸಿದರು.