ನೌಕರರಿಗೆ ನೀತಿ-ನಿಯಮ ಕಲಿಸುವ ಆನ್‌ಲೈನ್ ತರಬೇತಿ: ನಾಲ್ಕು ವರ್ಷ ಬಳಸಿದವಳ ಅನುಭವ

ಖರೀದಿ, ಉಗ್ರಾಣ, ಲೆಕ್ಕಪತ್ರ, ಮಾರಾಟ, ಉತ್ಪಾದನೆ ಎಲ್ಲ ಸೇರಿ ನಮ್ಮಲ್ಲಿ ಸುಮಾರು 300 ಜನ ಕೆಲಸ ಮಾಡುತ್ತಾರೆ. ವರ್ಷಕ್ಕೊಮ್ಮೆ ಇವರೆಲ್ಲರಿಗೂ ನೀತಿ-ನಿಯಮಗಳ ತರಬೇತಿ ಕೊಡಿಸುವುದು ಮಾನವ ಸಂಪನ್ಮೂಲ ವಿಭಾಗದಲ್ಲಿರುವ ನನ್ನ ಹೊಣೆ. ಅದಕ್ಕೆ ನಾಲ್ಕು ವರ್ಷಗಳಿಂದ ಒಂದೇ ಆನ್‌ಲೈನ್ ಸೇವೆಗೆ ಚಂದಾ ಕಟ್ಟುತ್ತಿದ್ದೇವೆ. ಮೊದಲ ತಿಂಗಳಲ್ಲಿ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಅದೇ ವರ್ಷದ ಕೊನೆಯಲ್ಲಾಗಿದ್ದರೆ ಎರಡಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಈಗ ಮೂರೂವರೆ ಕೊಡುತ್ತೇನೆ.

ತಾಂತ್ರಿಕವಾಗಿ ದೂರುವಂಥದ್ದೇನೂ ಇಲ್ಲ. ಮೊಬೈಲಿನಲ್ಲೂ ನಡೆಯುತ್ತದೆ, ಅರ್ಧಕ್ಕೆ ಬಿಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ, ಬಾಕಿ ಇರುವವರಿಗೆ ತಾನಾಗಿಯೇ ನೆನಪೋಲೆ ಕಳುಹಿಸುತ್ತದೆ. ಲಂಚ ತಡೆ ವ್ಯವಸ್ಥೆಗೆ ಸಂಬಂಧಿಸಿದ ಐಎಸ್‌ಒ 37001 ಮಾನದಂಡದ ಪ್ರಕಾರ ತರಬೇತಿಯ ದಾಖಲೆ ಇಟ್ಟಿರಬೇಕು. ಪರಿಶೋಧಕರು ಕೇಳಿದಾಗ ಐದೇ ನಿಮಿಷದಲ್ಲಿ ತೆಗೆದುಕೊಟ್ಟಿದ್ದೇನೆ.

ಮೊದಲ ವರ್ಷ ನಾನು ಮೋಸಹೋದದ್ದು ಆ ದಾಖಲೆಯನ್ನು ನೋಡಿಯೇ. ಮೂರನೇ ವಾರಕ್ಕೆ ಪರದೆಯ ಮೇಲೆ ಶೇ 100 ಎಂದು ಹಸಿರು ಪಟ್ಟಿ ಬಂತು. ಆಡಳಿತ ವರ್ಗಕ್ಕೆ ಹೆಮ್ಮೆಯಿಂದ ವರದಿ ಕೊಟ್ಟೆ. ಮುಂದಿನ ವಾರ ಹೊಸದಾಗಿ ಸೇರಿದವರ ಸರದಿ. ಲೆಕ್ಕಪತ್ರ ವಿಭಾಗದಲ್ಲಿ ಹಾದುಹೋಗುವಾಗ ಒಬ್ಬ ಹುಡುಗನ ಕಂಪ್ಯೂಟರ್ ಕಣ್ಣಿಗೆ ಬಿತ್ತು. ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ನಮ್ಮ ವೀಡಿಯೊ ಧ್ವನಿಯಿಲ್ಲದೆ ಓಡುತ್ತಿತ್ತು. ಉಳಿದ ಪರದೆ ತುಂಬ ಬಿಲ್ಲುಗಳು. ಕೀಲಿಮಣೆಯ ಕೆಳಗೆ ಚೀಟಿಯೊಂದಿತ್ತು, ಅದರಲ್ಲಿ ಹತ್ತು ಪ್ರಶ್ನೆಗಳ ಉತ್ತರ: 1-ಬಿ, 2-ಎ, 3-ಡಿ. ಎಲ್ಲರಿಗೂ ಅದೇ ಹತ್ತು ಪ್ರಶ್ನೆ, ಅದೇ ಕ್ರಮ. ಚೀಟಿ ಇಡೀ ವಿಭಾಗದಲ್ಲಿ ಕೈಯಿಂದ ಕೈಗೆ ಹೋಗಿತ್ತು. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಿಂಗಳ ಕೊನೆಯ ಕೆಲಸದ ಒತ್ತಡದಲ್ಲಿ ಮುಕ್ಕಾಲು ಗಂಟೆ ಕುಳಿತು ಯಾವುದೋ ದೂರದ ಕಂಪನಿಯ ಕೋಟ್ಯಂತರ ಹಗರಣದ ಕತೆ ಕೇಳು ಎಂದು ಹೇಳಿದ್ದು ನಾವೇ.

ಆ ಪಾಠದಲ್ಲಿ ಹೇಳುವ ಉದಾಹರಣೆಗಳು ಒಳ್ಳೆಯವೇ. ಅಮೆರಿಕದ ಇಂಧನ ಕಂಪನಿ ಎನ್ರಾನ್ 2000ದಲ್ಲಿ 64 ಪುಟಗಳ ನೀತಿ ಸಂಹಿತೆಯನ್ನು ನೌಕರರಿಗೆ ಹಂಚಿತ್ತು, ಲೆಕ್ಕಪತ್ರದ ವಂಚನೆ ಹೊರಬಿದ್ದು 2001ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಮಾರ್ಗನ್ ಸ್ಟಾನ್ಲಿಯ ಪ್ರಕರಣ. ಅಲ್ಲಿನ ಒಬ್ಬ ಅಧಿಕಾರಿಯ ಅಕ್ರಮ ಹೊರಬಿದ್ದಾಗ, 2012ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಬ್ಯಾಂಕಿನ ಮೇಲೆ ಮೊಕದ್ದಮೆ ಹೂಡಲಿಲ್ಲ. ಅದಕ್ಕೆ ಒಂದು ಕಾರಣ, ಆ ಅಧಿಕಾರಿಗೆ ಬ್ಯಾಂಕು ಏಳು ಬಾರಿ ತರಬೇತಿ ಕೊಟ್ಟಿತ್ತು, ಕನಿಷ್ಠ 35 ಬಾರಿ ನಿಯಮವನ್ನು ನೆನಪಿಸಿತ್ತು ಮತ್ತು ಅಷ್ಟಕ್ಕೂ ದಾಖಲೆ ಇತ್ತು. ತರಬೇತಿಯನ್ನು ಮಾರುವವರೆಲ್ಲ ಈ ಕತೆಯನ್ನು ಹೇಳುತ್ತಾರೆ. ದಾಖಲೆ ಬ್ಯಾಂಕನ್ನು ಉಳಿಸಿತು, ನಿಜ. ಆದರೆ ಏಳು ಬಾರಿ ಪಾಠ ಕೇಳಿದ ಮನುಷ್ಯ ತಪ್ಪು ಮಾಡಿಯೇ ಮಾಡಿದ. ನಾನು ಚಂದಾ ಕಟ್ಟುತ್ತಿರುವುದು ದಾಖಲೆಗೋ, ತಪ್ಪು ತಡೆಯುವುದಕ್ಕೋ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಎರಡನೇ ವರ್ಷ ಈ ಸೇವೆಯವರು ಮೂರು-ನಾಲ್ಕು ನಿಮಿಷದ ಸಣ್ಣ ಸನ್ನಿವೇಶಗಳನ್ನು ಸೇರಿಸಿದರು. ನಾನು ಇನ್ನೂ ಇವರನ್ನು ಬಿಡದಿರುವುದು ಇದೊಂದರಿಂದಾಗಿ. ಇವುಗಳಲ್ಲಿ ಸರಿ-ತಪ್ಪು ಎಂದು ಅಂಕ ಕೊಡುವುದಿಲ್ಲ. ನೀವು ಒಂದು ದಾರಿ ಆರಿಸಿದರೆ ಮುಂದೆ ಏನಾಗುತ್ತದೆ ಎಂದು ತೋರಿಸುತ್ತದೆ, ಅಷ್ಟೆ. ಒಂದು ಸನ್ನಿವೇಶ ಹೀಗಿದೆ: ಹಣಕಾಸು ವರ್ಷದ ಕೊನೆಯ ದಿನ, ಸಂಜೆ. ಬರಬೇಕಾದ ಸರಕಿನ ಲಾರಿ ಇನ್ನೂ ದಾರಿಯಲ್ಲಿದೆ. ಮೇಲಧಿಕಾರಿ ಉಗ್ರಾಣದವನಿಗೆ ಹೇಳುತ್ತಾರೆ: "ಬೆಳಿಗ್ಗೆ ಬಂದೇ ಬರುತ್ತದಲ್ಲ, ಇವತ್ತಿನ ದಿನಾಂಕ ಹಾಕಿ ರಸೀದಿಗೆ ಸಹಿ ಮಾಡಿಬಿಡಿ." ಇಲ್ಲಿ ಯಾರೂ ಯಾರಿಗೂ ಹಣ ಕೊಡುವುದಿಲ್ಲ, ಯಾರ ಜೇಬಿಗೂ ಏನೂ ಸೇರುವುದಿಲ್ಲ.

ಇದನ್ನು ಒಬ್ಬೊಬ್ಬರೇ ನೋಡುವುದು ಬೇಡವೆಂದು ಉಗ್ರಾಣದ ಹನ್ನೊಂದು ಜನರನ್ನು ಒಟ್ಟಿಗೆ ಕೂರಿಸಿ ತೋರಿಸಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಅಲ್ಲಿನ ಹಿರಿಯರು ನಿಧಾನವಾಗಿ ಹೇಳಿದರು: "ಇದನ್ನು ನಾನು ಎಷ್ಟೋ ಸಲ ಮಾಡಿದ್ದೇನೆ ಮೇಡಂ. ತಪ್ಪು ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ." ಲೆಕ್ಕಪತ್ರ ವಿಭಾಗದವರನ್ನು ಕರೆಸಿದೆ. ಬಾರದ ಸರಕು ಬಂದಿದೆ ಎಂದು ಬರೆದರೆ ಆ ವರ್ಷದ ದಾಸ್ತಾನು ಮತ್ತು ಬಾಕಿಯ ಲೆಕ್ಕ ಹೇಗೆ ಸುಳ್ಳಾಗುತ್ತದೆ ಎಂದು ಅವರು ವಿವರಿಸಿದರು. ಆ ರಾತ್ರಿ ಲಾರಿ ಮಗುಚಿಕೊಂಡರೆ ನಷ್ಟ ಯಾರದ್ದು, ನಮ್ಮ ಸಹಿ ನೋಡಿದ ವಿಮೆಯವರು ಏನು ಹೇಳುತ್ತಾರೆ ಎಂದೂ ಕೇಳಿದರು. ನಾಲ್ಕು ನಿಮಿಷದ ವೀಡಿಯೊಗೆ ನಲವತ್ತು ನಿಮಿಷದ ಮಾತುಕತೆಯಾಯಿತು. ಮುಂದಿನ ಮಾರ್ಚ್ 31ರಂದು ಅದೇ ಹಿರಿಯರು ನನಗೆ ಫೋನ್ ಮಾಡಿದರು: "ಸಹಿ ಮಾಡಲು ಕೇಳುತ್ತಿದ್ದಾರೆ, ನಾಳೆಯ ದಿನಾಂಕವನ್ನೇ ಹಾಕುತ್ತೇನೆ ಎಂದಿದ್ದೇನೆ, ನೀವು ನನ್ನ ಜೊತೆ ಇರಬೇಕು." ಇದ್ದೆ. ವರದಿಯ ಯಾವ ಪಟ್ಟಿಯಲ್ಲೂ ಈ ಫೋನ್ ಕರೆಗೆ ಜಾಗವಿಲ್ಲ.

ಕನ್ನಡ ಆವೃತ್ತಿಯ ಬಗ್ಗೆ ಹೇಳಲೇಬೇಕು. ಕನ್ನಡದಲ್ಲಿ ಕೊಟ್ಟಿದ್ದಾರೆಂಬುದೇ ನಮಗೆ ದೊಡ್ಡ ಅನುಕೂಲ, ಆದರೆ ಅನುವಾದ ಯಂತ್ರದ್ದೋ ಅವಸರದ್ದೋ ಎಂಬಂತಿತ್ತು. ಅಕ್ರಮ ಕಂಡು ತಿಳಿಸುವವರಿಗೆ ಇಂಗ್ಲಿಷಿನಲ್ಲಿರುವ 'ವಿಸಲ್‌ಬ್ಲೋವರ್' ಪದವನ್ನು 'ಶಿಳ್ಳೆ ಊದುವವರು' ಎಂದು ಬರೆದಿದ್ದರು. ಮೊದಲೇ ನಮ್ಮ ಜನರಲ್ಲಿ ಇಂಥ ಕೆಲಸಕ್ಕೆ 'ಚಾಡಿ' ಎಂಬ ಕೆಟ್ಟ ಹೆಸರಿದೆ. ಚಾಡಿಗೂ ದೂರಿಗೂ ಇರುವ ವ್ಯತ್ಯಾಸ ತಿಳಿಸುವುದೇ ಆ ಪಾಠದ ಅರ್ಧ ಕೆಲಸವಾಗಬೇಕಿತ್ತು. 'ಹಿತಾಸಕ್ತಿ ಸಂಘರ್ಷ' ಎಂಬುದೂ ಯಾರಿಗೂ ಅರ್ಥವಾಗಲಿಲ್ಲ. "ನಿಮ್ಮ ಭಾಮೈದುನನ ಅಂಗಡಿಯ ದರಪಟ್ಟಿ ನಿಮ್ಮ ಮೇಜಿಗೇ ಬಂದರೆ ಏನು ಮಾಡುತ್ತೀರಿ" ಎಂದು ಕೇಳಿದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ತಿದ್ದುಪಡಿಗಳ ಪಟ್ಟಿ ಕಳುಹಿಸಿದೆ. ಏಳು ತಿಂಗಳ ನಂತರ ಅರ್ಧದಷ್ಟನ್ನು ತಿದ್ದಿದರು.

ನಾನು ಕ್ಷಮಿಸಲಾಗದ ದೋಷ ಕಂಡದ್ದು ಮೂರನೇ ವರ್ಷ. ಪಾಠದ ಕೊನೆಯಲ್ಲಿ 'ಹೆಸರು ಹೇಳದೆ ಪ್ರಶ್ನೆ ಕೇಳಿ' ಎಂಬ ಪೆಟ್ಟಿಗೆ ಇದೆ. ಜನರು ಅದನ್ನು ನಂಬಿ ಬರೆಯುತ್ತಿದ್ದರು. ಒಂದು ದಿನ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಳಿಸಿಕೊಂಡು ನೋಡಿದರೆ, ಪ್ರತಿ ಪ್ರಶ್ನೆಯ ಪಕ್ಕದಲ್ಲೂ ನೌಕರರ ಸಂಖ್ಯೆ ಇತ್ತು! ತಿಳಿಸಿದವರ ಗುರುತನ್ನು ಗೋಪ್ಯವಾಗಿಡಬೇಕು ಎನ್ನುವ ಐರೋಪ್ಯ ಒಕ್ಕೂಟದ 2019ರ ನಿರ್ದೇಶನವನ್ನು ಇವರದೇ ಪಾಠ ಬೋಧಿಸುತ್ತದೆ. ಆ ದಿನವೇ ಪೆಟ್ಟಿಗೆಯನ್ನು ಮುಚ್ಚಿಸಿ, ಇಳಿಸಿಕೊಂಡ ಕಡತವನ್ನು ಅಳಿಸಿ, ನಡೆದದ್ದನ್ನು ಎಲ್ಲ ನೌಕರರಿಗೂ ಬರೆದು ತಿಳಿಸಿದೆ. ಸರಿಪಡಿಸಲು ಅವರಿಗೆ ಆರು ವಾರ ಬೇಕಾಯಿತು. ಪೆಟ್ಟಿಗೆ ಮತ್ತೆ ತೆರೆದಿದೆ, ಆದರೆ ಮೊದಲು ತಿಂಗಳಿಗೆ ಹತ್ತು-ಹನ್ನೆರಡು ಬರುತ್ತಿದ್ದ ಪ್ರಶ್ನೆಗಳು ಈಗ ಎರಡಕ್ಕೆ ಇಳಿದಿವೆ.

ತೆಗೆದುಕೊಳ್ಳಬೇಕೆಂದಿರುವವರು ದೊಡ್ಡ ಕೋರ್ಸನ್ನು ಹೊಸಬರಿಗೆ ಮಾತ್ರ ಇಡಿ. ಉಳಿದವರಿಗೆ ತಿಂಗಳಿಗೊಂದು ಸನ್ನಿವೇಶ ಸಾಕು, ಅದನ್ನು ಆಯಾ ವಿಭಾಗದ ಮುಖ್ಯಸ್ಥರೂ ಜೊತೆಯಲ್ಲಿ ಕುಳಿತು ನೋಡಬೇಕು. ಒಪ್ಪಂದಕ್ಕೆ ಸಹಿ ಮಾಡುವ ಮೊದಲು ನಿಮ್ಮದೇ ಖಾತೆಯಿಂದ ಒಂದು ಗುಪ್ತ ಪ್ರಶ್ನೆ ಕಳುಹಿಸಿ, ಅದು ಆಡಳಿತದ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂದು ಕಣ್ಣಾರೆ ನೋಡಿ. ಪ್ರಶ್ನೆಗಳ ಕ್ರಮ ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಬರಬೇಕೆಂದು ನಾನು ಮೂರು ಬಾರಿ ಕೇಳಿದ್ದೇನೆ. ಈ ಸಲ ಅದನ್ನು ನವೀಕರಣದ ಷರತ್ತಾಗಿಯೇ ಬರೆದು ಕಳುಹಿಸಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.