ಕುರಿ ಸುಲಿಯಲು: ಕಮ್ಮಾರರ ಚೂರಿಯೋ, ಸ್ಟೇನ್‌ಲೆಸ್ ಚೂರಿಯೋ?

ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರರು ಬಡಿದುಕೊಡುವ ಚೂರಿ ಸಾಣೆಕಲ್ಲಿಗೆ ನಾಲ್ಕೈದು ಸಲ ಎಳೆದರೆ ಮತ್ತೆ ಹರಿತ. ಆದರೆ ರಕ್ತ ಮೆತ್ತಿದ್ದನ್ನು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು. ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಲೇಬೇಕು. ಗ್ರೈಂಡರ್‌ಗೆ ಹಿಡಿದು ಅಲಗು ನೀಲಿಗೆ ತಿರುಗಿತೋ, ಆ ಜಾಗದ ಗಡಸು ಹೋಯಿತೆಂದೇ ಲೆಕ್ಕ. ಸ್ಟೇನ್‌ಲೆಸ್‌ಗೆ ತುಕ್ಕಿನ ಕಾಟ ಕಡಿಮೆ, ಸಾಣೆಗೆ ಮಾತ್ರ ತಾಳ್ಮೆ ಬೇಕು. ವರ್ಷಕ್ಕೆರಡು ಹಬ್ಬಕ್ಕಷ್ಟೇ ಚೂರಿ ತೆಗೆಯುವ ಮನೆಗೆ ಇದೇ ಸರಿ.

ಲೋಹಕ್ಕಿಂತ ಆಕಾರ ಮುಖ್ಯ. ಚರ್ಮ ಬಿಡಿಸಲು 4 ಇಂಚಿನ, ಬಾಗಿದ ಅಗಲ ಅಲಗು. ಮೂಳೆಯಿಂದ ಮಾಂಸ ಬಿಡಿಸಲು 6 ಇಂಚಿನ ಸಪೂರದ್ದು. ಹೊಟ್ಟೆ ಸೀಳುವಾಗ ಚೂರಿಯ ಬಾಯಿ (ಹರಿತ ಅಂಚು) ಮೇಲ್ಮುಖವಾಗಿರಲಿ, ಎರಡು ಬೆರಳು ಒಳಗಿಟ್ಟು ತುದಿಯನ್ನು ಕರುಳಿನಿಂದ ದೂರವಿಡಿ. ಕರುಳು ತೂತಾದರೆ ಒಳಗಿನದೆಲ್ಲ ಮಾಂಸಕ್ಕೆ ಮೆತ್ತಿ ವಾಸನೆ ಹಿಡಿಯುತ್ತದೆ. ಮೂಳೆ ಕಡಿಯಲು ಮಚ್ಚೇ ಬೇಕು. ಚೂರಿಯಲ್ಲಿ ಹೊಡೆದರೆ ಬಾಯಿ ಮುಕ್ಕಾಗುತ್ತದೆ.